ರಾಜ್ಯ ಹೋದ ಮೇಲೆ ಉಳಿದ ಕಾರುಗಳು: ಜಯಚಾಮರಾಜೇಂದ್ರ ಒಡೆಯರ್ ಬದುಕಿನ ಒಂದು ಲೆಕ್ಕ

ಕಾರು ಕೊಳ್ಳುವುದು ಸುಲಭ, ಸಾಕುವುದು ಕಷ್ಟ ಎಂಬ ಮಾತು ಇಂದು ಮಧ್ಯಮವರ್ಗದ ಮನೆಗಳಲ್ಲೂ ಕೇಳಿಬರುತ್ತದೆ. ಹಳೆಯ ಐಷಾರಾಮಿ ಕಾರಿನ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಕೊಂಡ ಬೆಲೆ ಒಮ್ಮೆ ಮಾತ್ರ ತೆರಬೇಕಾದದ್ದು. ಪೆಟ್ರೋಲು, ಟೈರು, ಬಿಡಿಭಾಗ, ತೆರಿಗೆ, ಚಾಲಕನ ಸಂಬಳಗಳು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತವೆ. ಒಂದು ಕಾರಿನ ಒಡೆಯನಿಗೇ ಹೀಗಾದರೆ, ಕಾರುಗಳ ಸಾಲು, ಅರಮನೆಗಳ ಸಾಲು, ಆನೆ-ಕುದುರೆಗಳ ಲಾಯಗಳನ್ನು ಪಿತ್ರಾರ್ಜಿತವಾಗಿ ಪಡೆದು, ಅವುಗಳನ್ನು ಸಾಕುತ್ತಿದ್ದ ರಾಜ್ಯವನ್ನೇ ಬಿಟ್ಟುಕೊಟ್ಟ ಅರಸನ ಪಾಡೇನು? ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಅವರ ಬದುಕು ಈ ಪ್ರಶ್ನೆಗೆ ಉತ್ತರದಂತಿದೆ.

ಅವರನ್ನು ಸಂಗೀತಜ್ಞ ಎಂದು, ವಿದ್ವಾಂಸ ಎಂದು, ಕಾಲದ ಕರೆ ಅರಿತು ಅಧಿಕಾರ ತ್ಯಜಿಸಿದ ಅರಸ ಎಂದು ನಾಡು ನೆನೆಯುತ್ತದೆ. ಅದೆಲ್ಲವೂ ಸತ್ಯ. ಆದರೆ ಅಧಿಕಾರ ಹೋದ ಮೇಲೂ ವೈಭವದ ಖರ್ಚು ಹೋಗುವುದಿಲ್ಲ ಎಂಬ ಕಹಿಸತ್ಯವನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಎರಡು ಅರಮನೆಗಳ ನಡುವಿನ ದಾರಿ

ಮೈಸೂರಿನ ಅಂಬಾವಿಲಾಸ ಅರಮನೆಯಿಂದ ಬೆಂಗಳೂರಿನ ಅರಮನೆಗೆ ಸುಮಾರು 140 ಕಿಲೋಮೀಟರ್ ದೂರ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ದಾಟಿದರೆ ಚನ್ನಪಟ್ಟಣ. ಅಲ್ಲಿಂದ ಮುಂದೆ ಕೆಂಗಲ್ಲಿನ ಆಂಜನೇಯನ ಗುಡಿ, ಆ ಬಳಿಕ ರಾಮನಗರ. ಒಡೆಯರ್ ಪಟ್ಟಕ್ಕೆ ಬಂದಾಗ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ನೆನಪಿನ ಆ ಹೆಸರು ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಬದಲಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಸೇರಿ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾದವು; 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು.

ಈ ಸೀಮೆಗೂ ಮೈಸೂರು ಅರಸೊತ್ತಿಗೆಗೂ ಇರುವ ನಂಟು ಹಳೆಯದು. ಮಾಗಡಿಯಲ್ಲಿ ಆಳುತ್ತಿದ್ದ ಕೆಂಪೇಗೌಡರ ವಂಶದ ಆಳ್ವಿಕೆಯನ್ನು 1728ರಲ್ಲಿ ಕೊನೆಗಾಣಿಸಿದ್ದು ಮೈಸೂರಿನ ಸೈನ್ಯ. ಸಾವನದುರ್ಗದ ಕೋಟೆ ಅಂದು ಒಡೆಯರ ವಶವಾಯಿತು. ಆಳುವ ಮನೆತನ ಹೋದ ಬಳಿಕ ಅದು ಕಟ್ಟಿಸಿದ ಕೋಟೆ-ಕೊತ್ತಲಗಳು ಹೇಗೆ ಹಾಳು ಬೀಳುತ್ತವೆ ಎಂಬುದಕ್ಕೆ ಸಾಕ್ಷಿ ಹುಡುಕಲು ಮೈಸೂರಿನ ಅರಸರು ದೂರ ಹೋಗಬೇಕಾಗಿರಲಿಲ್ಲ. ಎರಡು ಶತಮಾನಗಳ ಬಳಿಕ ಅದೇ ಸರದಿ ಅವರ ಮನೆತನಕ್ಕೂ ಬಂದಿತು. ಈ ಬಾರಿ ಬಂದದ್ದು ಸೈನ್ಯವಲ್ಲ, ಸಂವಿಧಾನ.

ಪಿಯಾನೊ ಬಿಟ್ಟು ಪಟ್ಟಕ್ಕೆ

ಜಯಚಾಮರಾಜೇಂದ್ರರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪುಚೆಲುವಾಜಮ್ಮಣ್ಣಿ. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ದೊಡ್ಡಪ್ಪ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. 1939ರಲ್ಲಿ ಯೂರೋಪ್ ಪ್ರವಾಸ ಕೈಗೊಂಡರು. ಪಾಶ್ಚಾತ್ಯ ಸಂಗೀತದಲ್ಲಿ ಆಳವಾದ ಒಲವಿದ್ದ ಯುವಕನಿಗೆ ಪಿಯಾನೊ ವಾದಕನಾಗಬೇಕೆಂಬ ಹಂಬಲವಿತ್ತು.

ವಿಧಿ ಬೇರೆಯೇ ಇತ್ತು. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಅದೇ ಆಗಸ್ಟ್ 3ರಂದು ನಾಲ್ವಡಿಯವರೂ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು 21 ವರ್ಷದ ತರುಣ ಸಿಂಹಾಸನವೇರಬೇಕಾಯಿತು.

ಅವರ ಪಾಲಿಗೆ ಬಂದದ್ದು ರಾಜ್ಯ ಮಾತ್ರವಲ್ಲ. ಮೈಸೂರು, ಬೆಂಗಳೂರುಗಳ ಅರಮನೆಗಳು, ಅತಿಥಿಗೃಹಗಳು, ಆನೆ ಲಾಯ, ಕುದುರೆ ಲಾಯ, ಮೋಟಾರು ಖಾನೆ ಎಲ್ಲವೂ ಬಂದವು. ಮೈಸೂರು ಅರಮನೆಯ ಕಾರುಪ್ರೀತಿ ಆಗಲೇ ಇಂಗ್ಲೆಂಡಿನವರೆಗೂ ಮಾತಾಗಿತ್ತು. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ಒಟ್ಟಿಗೆ ತರಿಸುತ್ತಿದ್ದರೆಂದೂ, ಹಾಗೆ ಸಗಟಾಗಿ ಕೊಳ್ಳುವುದಕ್ಕೆ ಆ ಕಂಪನಿಯ ಒಳಗೆ ಮೈಸೂರಿನ ಹೆಸರೇ ಬಿದ್ದಿತ್ತೆಂದೂ ಮೋಟಾರು ಇತಿಹಾಸದ ಬರಹಗಳಲ್ಲಿ ಪದೇ ಪದೇ ಬರುತ್ತದೆ. ಕಥೆಯಲ್ಲಿ ಉಪ್ಪುಖಾರ ಸೇರಿದ್ದರೂ ಸೇರಿರಬಹುದು. ಆದರೆ ಮೈಸೂರಿನ ಹೆಸರು ಹೊತ್ತ ರೋಲ್ಸ್ ರಾಯ್ಸ್, ಬೆಂಟ್ಲಿ ಕಾರುಗಳು ಇಂದಿಗೂ ಬೇರೆ ಬೇರೆ ಸಂಗ್ರಾಹಕರ ಬಳಿ ಇರುವುದು ನಿಜ.

ಕಾರು ಎಂಬ ಆನೆ

ಅಂದಿನ ರೋಲ್ಸ್ ರಾಯ್ಸ್ ಇಂದಿನಂತೆ ಕಾರ್ಖಾನೆಯಿಂದ ಪೂರ್ತಿಯಾಗಿ ಸಿದ್ಧಗೊಂಡು ಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕಂಪನಿ ಕೊಡುತ್ತಿದ್ದುದು ಎಂಜಿನ್ ಮತ್ತು ಷಾಸಿ ಮಾತ್ರ. ಮೇಲಿನ ಕವಚವನ್ನು ಬೇರೆ ಕುಶಲಕರ್ಮಿಗಳು ಗಿರಾಕಿಯ ಇಷ್ಟದಂತೆ ಮರದ ಚೌಕಟ್ಟಿನ ಮೇಲೆ ಕೈಯಿಂದ ಕಟ್ಟುತ್ತಿದ್ದರು. ಆದ್ದರಿಂದ ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮ ಬಿಸಿಲಿಗೆ ಒಳಗಿನ ಮರ ಒಣಗಿ ಸೀಳುತ್ತದೆ, ಮಳೆಗಾಲದ ತೇವಕ್ಕೆ ಚರ್ಮದ ಆಸನಕ್ಕೆ ಬೂಷ್ಟು ಹಿಡಿಯುತ್ತದೆ. ರಿಪೇರಿಗೆ ಮೆಕ್ಯಾನಿಕ್ ಒಬ್ಬ ಸಾಲದು. ಬಡಗಿ ಬೇಕು, ತಗಡು ಬಡಿಯುವವನು ಬೇಕು, ಚರ್ಮ ಹೊಲಿಯುವವನೂ ಬೇಕು.

ಇಂಧನದ ಲೆಕ್ಕ ಇನ್ನೊಂದು. ಏಳು ಲೀಟರಿಗೂ ಮಿಕ್ಕ ಎಂಜಿನ್ನಿನ ಯುದ್ಧಪೂರ್ವದ ದೊಡ್ಡ ರೋಲ್ಸ್ ರಾಯ್ಸ್ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಹೆಚ್ಚು. ಮೈಸೂರಿನಿಂದ ಹೊರಟು ಚನ್ನಪಟ್ಟಣ, ರಾಮನಗರ ದಾಟಿ ಬೆಂಗಳೂರು ಸೇರಲು ಸುಮಾರು 35 ಲೀಟರ್ ಪೆಟ್ರೋಲು ಬೇಕು. ಅದೇ ದಾರಿಯನ್ನು ಮುಂದೆ ಬಂದ ಅಂಬಾಸಿಡರ್ ಕಾರು ಅದರ ಅರ್ಧಕ್ಕಿಂತ ಕಡಿಮೆ ಪೆಟ್ರೋಲಿನಲ್ಲಿ ಕ್ರಮಿಸುತ್ತಿತ್ತು.

ಓಡಿಸದೆ ನಿಲ್ಲಿಸಿದರೆ ಖರ್ಚು ಉಳಿಯುತ್ತದೆಯೇ? ಅದೂ ಇಲ್ಲ. ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ನೆಲಕ್ಕೊತ್ತಿದ ಕಡೆ ಚಪ್ಪಟೆಯಾಗಿ ಬಿರಿಯುತ್ತದೆ, ರಬ್ಬರಿನ ಕೊಳವೆಗಳು ಒಡೆಯುತ್ತವೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯಲ್ಲಿ ಲಾಭ ಆನೆಯ ಒಡೆಯನದು. ಹಳೆಯ ಕಾರಿನ ವಿಷಯದಲ್ಲಿ ಗಾದೆ ತಿರುಗುಮುರುಗು. ಓಡಿದರೂ ಸಾವಿರ, ನಿಂತರೂ ಸಾವಿರ, ಎರಡೂ ಒಡೆಯನ ಕೈಯಿಂದಲೇ.

26 ಲಕ್ಷದ ರಾಜಧನ

1947ರ ಆಗಸ್ಟ್ 9ರಂದು ಜಯಚಾಮರಾಜೇಂದ್ರರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದು, ಅದೇ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಸರ್ಕಾರ ಅಧಿಕಾರಕ್ಕೆ ಬಂದಿತು. 1950ರ ಜನವರಿ 26ರಂದು ಮೈಸೂರು ಗಣರಾಜ್ಯದ ಭಾಗವಾಯಿತು, ಮಹಾರಾಜರು ರಾಜಪ್ರಮುಖರಾದರು.

ರಾಜ್ಯ ಬಿಟ್ಟುಕೊಟ್ಟ ಅರಸರಿಗೆ ಕೇಂದ್ರ ಸರ್ಕಾರ ರಾಜಧನ ನಿಗದಿಪಡಿಸಿತು. ಮೈಸೂರಿನ ಪಾಲು ವರ್ಷಕ್ಕೆ 26 ಲಕ್ಷ ರೂಪಾಯಿ, ಅದೂ ಆದಾಯ ತೆರಿಗೆ ಇಲ್ಲದೆ. ಅರಸರ ಕಾರುಗಳಿಗೆ ಕೆಂಪು ಫಲಕದ ಗೌರವವೂ ಉಳಿಯಿತು. ತಿಂಗಳಿಗೆ ಎರಡು ಲಕ್ಷಕ್ಕೂ ಮಿಕ್ಕ ಈ ಹಣ ಅಂದಿನ ಜನಸಾಮಾನ್ಯರ ಕಣ್ಣಿಗೆ ಕುಬೇರನ ಭಂಡಾರ. ಆದರೆ ಅದರಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು, 26 ಲಕ್ಷ ಅವರ ಜೀವಿತಾವಧಿಗೆ ಮಾತ್ರ. ಮುಂದಿನ ವಾರಸುದಾರನಿಗೆ 10 ಲಕ್ಷವಷ್ಟೇ. ಎರಡನೆಯದು, ಬೆಲೆಗಳು ಏರಿದರೂ ಮೊತ್ತ ಏರುವಂತಿರಲಿಲ್ಲ. 1950ರಿಂದ 1971ರ ನಡುವೆ ದೇಶದಲ್ಲಿ ಬೆಲೆಗಳು ಇಮ್ಮಡಿಗೂ ಮೀರಿ ಏರಿದವು. ಕಾಗದದ ಮೇಲಿನ 26 ಲಕ್ಷದ ಕಸುವು ಅರ್ಧಕ್ಕಿಂತ ಕೆಳಗಿಳಿಯಿತು.

ಬದಲಾದ ಕಾಲದ ಚಿತ್ರ 1952ರ ಮಾರ್ಚ್ 30ರಂದು ಎದ್ದು ಕಂಡಿತು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯ ಅಂದು ಮುಖ್ಯಮಂತ್ರಿಯಾದರು. ಸಂವಿಧಾನದ ಪ್ರಕಾರ ಪ್ರಮಾಣವಚನ ಬೋಧಿಸುವ ಕೆಲಸ ರಾಜಪ್ರಮುಖರದು. ಅರಮನೆಯ ಕಾರುಗಳು ಹಾದುಹೋಗುತ್ತಿದ್ದ ದಾರಿಯ ಪಕ್ಕದ ಹಳ್ಳಿಯವರು ಆಳುವವರಾದರು. ಕಾರಿನ ಒಡೆಯರು ಸಾಂವಿಧಾನಿಕ ಮುಖ್ಯಸ್ಥರಾಗಿ ಉಳಿದರು. 1956ರ ನವೆಂಬರ್ 1ರಂದು ರಾಜಪ್ರಮುಖ ಪದವಿಯೂ ರದ್ದಾಗಿ, ಒಡೆಯರ್ ವಿಶಾಲ ಮೈಸೂರಿನ ರಾಜ್ಯಪಾಲರಾದರು. 1964ರಲ್ಲಿ ಮದರಾಸಿಗೆ ವರ್ಗವಾಗಿ 1966ರವರೆಗೆ ಅಲ್ಲಿ ರಾಜ್ಯಪಾಲರಾಗಿದ್ದರು.

ಕೊಡುಗೈಯ ಖರ್ಚು

ಮಹಾರಾಜರ ಖರ್ಚೆಲ್ಲ ಕಾರು-ಅರಮನೆಗಳಿಗೇ ಹೋಯಿತೆಂದರೆ ಅನ್ಯಾಯವಾದೀತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರು 1948ರಲ್ಲಿ ಮೊದಲ ಅಧ್ಯಕ್ಷರಾದರು. ಆ ವಾದ್ಯವೃಂದಕ್ಕೆ ವರ್ಷಕ್ಕೆ 10 ಸಾವಿರ ಪೌಂಡಿನಂತೆ ಮೂರು ವರ್ಷ ನೆರವು ನೀಡಿದರೆಂದು ಸಂಗೀತ ಇತಿಹಾಸ ದಾಖಲಿಸಿದೆ. ಅಂದಿನ ವಿನಿಮಯ ದರದಲ್ಲಿ ಅದು ವರ್ಷಕ್ಕೆ 1.33 ಲಕ್ಷ ರೂಪಾಯಿ, ಅಂದರೆ ರಾಜಧನದ ಶೇಕಡ ಐದರಷ್ಟು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಮೈಸೂರಿನ ಹಣದ ಬೆಂಬಲದಿಂದ.

ಊರಿನಲ್ಲೂ ಕೈ ಬಿಗಿಯಲಿಲ್ಲ. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯಲ್ಲಿ ಋಗ್ವೇದ ಕನ್ನಡಕ್ಕೆ ಬಂದಿತು. ಶ್ರೀವಿದ್ಯಾ ಅಂಕಿತದಲ್ಲಿ ಅವರೇ 94 ಕೃತಿಗಳನ್ನು ರಚಿಸಿದರು. ತಮ್ಮ ಮನೆತನದ ಕಟ್ಟಡಗಳನ್ನು ಒಂದೊಂದಾಗಿ ಸಾರ್ವಜನಿಕ ಬಳಕೆಗೆ ಬಿಡುವ ದಾರಿಯನ್ನೂ ಕಂಡರು. ಚೆಲುವಾಂಬ ಮ್ಯಾನ್ಷನ್ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಾಯಿತು. ಜಗನ್ಮೋಹನ ಅರಮನೆ ಚಿತ್ರಶಾಲೆಯಾಗಿ ಅವರ ಹೆಸರನ್ನೇ ಹೊತ್ತಿತು. ಜಯಲಕ್ಷ್ಮೀ ವಿಲಾಸ ಮೈಸೂರು ವಿಶ್ವವಿದ್ಯಾನಿಲಯದ ಪಾಲಾಗಿ ಮಾನಸಗಂಗೋತ್ರಿಯಲ್ಲಿ ಸೇರಿತು. ಒಂದು ಕುಟುಂಬದಿಂದ ಸಾಕಲಾಗದ ಕಟ್ಟಡವನ್ನು ಒಂದು ಸಂಸ್ಥೆ ಸಾಕಬಲ್ಲದು ಎಂಬ ವಿವೇಕ ಇದರಲ್ಲಿತ್ತು.

ಕಾರಿಗೆ ಆ ದಾರಿ ಇರಲಿಲ್ಲ. ಕಟ್ಟಡದಲ್ಲಿ ಕಾಲೇಜು ನಡೆಸಬಹುದು. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವ ಕಾರು ಯಾವ ಇಲಾಖೆಗೂ ಬೇಡ.

ಒಂದು ರೂಪಾಯಿಗೆ 44 ರೂಪಾಯಿ

1950ರ ದಶಕದ ಮಧ್ಯಭಾಗಕ್ಕೆ ಕೇಂದ್ರ ಸರ್ಕಾರ ವಿದೇಶಿ ಕಾರುಗಳ ಆಮದಿಗೆ ಬಹುಮಟ್ಟಿಗೆ ತಡೆಯೊಡ್ಡಿತ್ತು. ಹೊಸದು ತರಿಸುವಂತಿಲ್ಲದ ಮೇಲೆ ಹಳೆಯದನ್ನೇ ತೇಪೆ ಹಾಕಿ ಓಡಿಸಬೇಕು. ಬಿಡಿಭಾಗಗಳು ಬರಬೇಕಾದದ್ದು ಇಂಗ್ಲೆಂಡಿನಿಂದ. 10 ಪೌಂಡ್ ಬೆಲೆಯ ಬಿಡಿಭಾಗಕ್ಕೆ ಮೊದಲು 133 ರೂಪಾಯಿ ಸಾಕಾಗುತ್ತಿತ್ತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾದಾಗ ಅದು 210 ರೂಪಾಯಿಗೆ ನೆಗೆಯಿತು. ಮರುವರ್ಷ ಪೌಂಡ್ ಸಹ ಕುಸಿದ ಮೇಲೂ 180 ರೂಪಾಯಿ ತೆರಬೇಕಿತ್ತು. ಇದು ಸುಂಕ, ಸಾಗಣೆ ಸೇರಿಸದ ಲೆಕ್ಕ.

ಇಷ್ಟರಲ್ಲಿ ರಾಜಧನಕ್ಕೇ ಸಂಚಕಾರ ಬಂದಿತು. ದೇಶದ ಎಲ್ಲ ಮಾಜಿ ಅರಸರಿಗೆ ಸೇರಿ ಸಂದಾಯವಾಗುತ್ತಿದ್ದ ಮೊತ್ತ 1970ರ ಹೊತ್ತಿಗೆ ವರ್ಷಕ್ಕೆ ಸುಮಾರು 4.8 ಕೋಟಿ ರೂಪಾಯಿ. ಬಡತನದ ದೇಶದಲ್ಲಿ ಹುಟ್ಟಿನ ಕಾರಣಕ್ಕೆ ಸಿಗುವ ಈ ಸೌಲಭ್ಯ ಸಮಾನತೆಯ ತತ್ವಕ್ಕೆ ಹೊಂದುವುದಿಲ್ಲವೆಂಬ ವಾದ ಬಲವಾಗಿತ್ತು. ಒಪ್ಪಂದ ಮಾಡಿಕೊಂಡ ಸರ್ಕಾರ ಮಾತಿಗೆ ತಪ್ಪಬಾರದೆಂಬ ಪ್ರತಿವಾದವೂ ಇತ್ತು. 1970ರ ಸೆಪ್ಟೆಂಬರ್‌ನಲ್ಲಿ ರದ್ದತಿಯ ಮಸೂದೆ ಲೋಕಸಭೆಯಲ್ಲಿ ಗೆದ್ದು, ರಾಜ್ಯಸಭೆಯಲ್ಲಿ ಒಂದು ಮತಕ್ಕೂ ಕಡಿಮೆ ಅಂತರದಲ್ಲಿ ಮೂರನೇ ಎರಡರಷ್ಟು ಬಹುಮತ ತಪ್ಪಿ ಬಿದ್ದಿತು. ಕೂಡಲೇ ಹೊರಟ ರಾಷ್ಟ್ರಪತಿಗಳ ಆದೇಶವನ್ನು ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. ಚುನಾವಣೆಯಲ್ಲಿ ಭಾರಿ ಬಹುಮತ ಪಡೆದು ಬಂದ ಇಂದಿರಾ ಗಾಂಧಿ ಸರ್ಕಾರ 1971ರ ಡಿಸೆಂಬರ್‌ನಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ರಾಜಧನವನ್ನೂ ಅರಸು ಪದವಿಯನ್ನೂ ಕೊನೆಗಾಣಿಸಿತು.

ಆಗ ಎದುರಾದದ್ದು ನಿಜವಾದ ಲೆಕ್ಕ. ಆ ವರ್ಷಗಳಲ್ಲಿ 2 ಲಕ್ಷ ರೂಪಾಯಿ ಮೀರಿದ ಆದಾಯದ ಮೇಲೆ ಮೇಲ್ತೆರಿಗೆ ಸೇರಿ ಶೇಕಡ 97.75ರಷ್ಟು ಆದಾಯ ತೆರಿಗೆ ಇತ್ತು. ಅಂದರೆ ಆ ಮಿತಿ ದಾಟಿದ ಬಳಿಕ ಗಳಿಸಿದ 100 ರೂಪಾಯಿಯಲ್ಲಿ ಕೈಗೆ ಉಳಿಯುವುದು ಎರಡೂಕಾಲು ರೂಪಾಯಿ. ಖರ್ಚಿಗೆ ಒಂದು ರೂಪಾಯಿ ಬೇಕಿದ್ದರೆ 44 ರೂಪಾಯಿ ಗಳಿಸಬೇಕು. 180 ರೂಪಾಯಿಯ ಒಂದು ಬಿಡಿಭಾಗಕ್ಕೆ 8 ಸಾವಿರ ರೂಪಾಯಿ ಆದಾಯ ಬೇಕು. ಇದರ ಮೇಲೆ ಆಸ್ತಿಗೆ ಸಂಪತ್ತು ತೆರಿಗೆ ಬೇರೆ.

ಹೀಗಾಗಿ ದುಡಿದು ವೈಭವವನ್ನು ಸಾಕುವುದು ಗಣಿತದ ಪ್ರಕಾರವೇ ಅಸಾಧ್ಯವಾಯಿತು. ಉಳಿದ ದಾರಿ ಒಂದೇ: ಒಂದನ್ನು ಮಾರಿ ಇನ್ನೊಂದನ್ನು ಉಳಿಸುವುದು. ದೇಶದ ನಾನಾ ಸಂಸ್ಥಾನಗಳ ಕಾರುಗಳು ಮಾರುಕಟ್ಟೆಗೆ ಬಂದವು. ಯಾವುದೋ ಕಾಲದಲ್ಲಿ ಬಂಗಾರದ ಬೆಲೆ ತೆತ್ತು ತರಿಸಿದ ಕಾರುಗಳು ದಲ್ಲಾಳಿಗಳ ಕೈಸೇರಿ ಹಡಗು ಹತ್ತಿದವು. ಹಳೆಯ ಕಾರುಗಳ ರಫ್ತನ್ನು ಸರ್ಕಾರ ನಿಷೇಧಿಸುವ ಹೊತ್ತಿಗೆ ಬಹಳಷ್ಟು ಹೋಗಿಬಿಟ್ಟಿದ್ದವು.

ಕೊನೆಯ ದಿನಗಳು

ಅಂಬಾರಿಯಲ್ಲಿ ಅರಸ ಕೂರುವ ಪದ್ಧತಿ ನಿಂತು, ಆ ಜಾಗಕ್ಕೆ ತಾಯಿ ಚಾಮುಂಡೇಶ್ವರಿ ಬಂದಳು. 1973ರ ನವೆಂಬರ್ 1ರಂದು ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ಅದೇ ತಿಂಗಳು ಅರಬ್-ಇಸ್ರೇಲ್ ಯುದ್ಧದ ಬಿಸಿಯಿಂದ ಪೆಟ್ರೋಲಿನ ಬೆಲೆ ಭಾರತದಲ್ಲೂ ಒಮ್ಮೆಲೇ ಏರಿತು. ಅದನ್ನು ಪ್ರತಿಭಟಿಸಿ ವಾಜಪೇಯಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ದೊಡ್ಡ ಎಂಜಿನ್ನಿನ ಕಾರುಗಳ ಕಾಲ ಮುಗಿದಿತ್ತು. 1974ರಲ್ಲಿ ಲಲಿತಮಹಲ್ ಹೋಟೆಲಾಗಿ ಬಾಗಿಲು ತೆರೆಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಜಯಚಾಮರಾಜೇಂದ್ರ ಒಡೆಯರ್ ಬೆಂಗಳೂರಿನ ಅರಮನೆಯಲ್ಲಿ ಕೊನೆಯುಸಿರೆಳೆದರು. ಅವರಿಗಾಗ 55 ವರ್ಷ.

ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರಿಗಾಗ 21 ವರ್ಷ. ತಂದೆ ಪಟ್ಟವೇರಿದ ವಯಸ್ಸೇ ಅದು. ತಂದೆಗೆ ರಾಜ್ಯದೊಂದಿಗೆ ಕಾರುಗಳು ಬಂದಿದ್ದವು. ಮಗನಿಗೆ ಬಂದದ್ದು ರಾಜ್ಯವಿಲ್ಲದ ಆಸ್ತಿ, ಅದರ ಮೇಲೆ ಅತ್ಯುನ್ನತ ಹಂತದಲ್ಲಿ ಶೇಕಡ 85ರವರೆಗೆ ಏರುತ್ತಿದ್ದ ಮರಣೋತ್ತರ ಆಸ್ತಿ ತೆರಿಗೆಯ ಕಾನೂನು, ಜೊತೆಗೆ ಕಾರುಗಳ ಮೇಲಿನ ವಂಶಪಾರಂಪರ್ಯದ ಪ್ರೀತಿ. ನಾಲ್ಕು ಬಾರಿ ಮೈಸೂರಿನ ಸಂಸದರಾಗಿ, ಅರಮನೆಗಳಿಗಾಗಿ ನ್ಯಾಯಾಲಯಗಳಿಗೆ ಅಲೆದು, 2013ರಲ್ಲಿ ಅವರೂ ತೀರಿಕೊಂಡರು. ಬೆಂಗಳೂರು ಅರಮನೆಯ ಸ್ವಾಧೀನಕ್ಕೆ 1996ರಲ್ಲಿ, ಮೈಸೂರು ಅರಮನೆಯ ಸ್ವಾಧೀನಕ್ಕೆ 1998ರಲ್ಲಿ ಕಾಯ್ದೆಗಳು ಬಂದು, ವ್ಯಾಜ್ಯ ಅವರ ಬದುಕನ್ನು ದಾಟಿ ಮುಂದುವರಿಯಿತು.

ಉಳಿದದ್ದು ಯಾವುದು

ಬೆಂಗಳೂರು-ಮೈಸೂರು ದಾರಿಯ ರೂಪವೇ ಈಗ ಬದಲಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಪೇಟೆಯೊಳಕ್ಕೆ ಕಾಲಿಡದೆ ಹೊರಗಿನಿಂದಲೇ ಸಾಗುತ್ತದೆ. ಹಳೆಯ ರಸ್ತೆಯಲ್ಲಿ ಹೋದವರಿಗೆ ಮಾತ್ರ ಚನ್ನಪಟ್ಟಣದ ಬೊಂಬೆ ಅಂಗಡಿಗಳ ಸಾಲು ಕಾಣಿಸುತ್ತದೆ; ಅರಗಿನ ಬಣ್ಣದ ಮರದ ಕಾರುಗಳು ಅಲ್ಲಿ ಈಗಲೂ ಮಾರಾಟಕ್ಕಿವೆ. ಇತ್ತ ಮಾಗಡಿಯ ಕಡೆ ಸಾವನದುರ್ಗದ ಕೋಟೆಯ ಗೋಡೆಗಳು ಮಳೆ-ಬಿಸಿಲಿಗೆ ನಿಂತಿವೆ.

ವೈಭವವನ್ನು ಸಂಪಾದಿಸಲು ಒಂದು ತಲೆಮಾರು ಸಾಕು, ಸಾಕಲು ರಾಜ್ಯವೇ ಬೇಕು. ಆ ರಾಜ್ಯ ಪ್ರಜೆಗಳದಾದ ದಿನವೇ ಅರಮನೆಯ ಮೋಟಾರು ಖಾನೆಯ ಭವಿಷ್ಯ ನಿರ್ಧಾರವಾಗಿತ್ತು. ಅದನ್ನು ಅರಿತೇ ಜಯಚಾಮರಾಜೇಂದ್ರರು ಸಹಿ ಹಾಕಿದರೋ ಏನೋ. ಹಾಕಿದ ಮೇಲೆ ನಾಡಿನ ಮೇಲೆ ಮುನಿಸಿಕೊಳ್ಳದೆ ಅದೇ ನಾಡಿನ ರಾಜ್ಯಪಾಲರಾಗಿ ದುಡಿದರು. ಅವರು ಬಿಟ್ಟುಹೋದವುಗಳಲ್ಲಿ ಕಾರುಗಳು ಕೈಬದಲಾದವು, ಅರಮನೆಗಳು ವ್ಯಾಜ್ಯಕ್ಕೆ ಬಿದ್ದವು. ಸಂಗೀತ ಕಛೇರಿಗಳಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳು ಮಾತ್ರ ಇಂದಿಗೂ ಕೇಳಿಬರುತ್ತವೆ. ಅವುಗಳಿಗೆ ಪೆಟ್ರೋಲು ಬೇಕಿಲ್ಲ, ಬಿಡಿಭಾಗ ಬೇಕಿಲ್ಲ, ಹಾಡುವವರೊಬ್ಬರಿದ್ದರೆ ಸಾಕು.